ತವರಿನ ಹೆಸರು

ಚಿನ್ನವ್ವ, ಗುಂಡಣ್ಣ, ಇದು ನಿಮಗಾಗಿ ಬರೆಯುತ್ತಿರುವುದು. ಇವು ನಾನೊಬ್ಬಳೇ ನಿಮ್ಮನ್ನು ಕರೆಯುವ ಹೆಸರುಗಳು. ನಿಮ್ಮ ಶಾಲೆಯ ಹೆಸರುಗಳನ್ನು ಈ ಹಾಳೆಗಳಲ್ಲಿ ಎಲ್ಲಿಯೂ ಬರೆಯುವುದಿಲ್ಲ. ನನ್ನದನ್ನೂ ಬರೆಯುವುದಿಲ್ಲ, ಇದರಲ್ಲಿ ಬರುವ ಬೇರೆ ಯಾರದ್ದನ್ನೂ ಬರೆಯುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ.

ನಾನು ಮಾತಿನವಳಲ್ಲ. ಬೀಗರು ಬಂದರೆ ಅವ್ವ ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ ಎಂದು ನನ್ನ ಮಗ, ನಿಮ್ಮಪ್ಪ, ಈಗಲೂ ನಗುತ್ತಾನೆ. ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೆಯವರೆಗೆ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಬಿಟ್ಟು ಒಲೆಯ ಕಡೆ ಎದ್ದು ಹೋಗುತ್ತೇನೆ. ಬರೆದರೆ ಹಾಗಾಗುವುದಿಲ್ಲ.

ನನ್ನ ತವರು ಹಲವಾಗಲಿನ ಕಡೆ, ತುಂಗಭದ್ರೆಯ ದಂಡೆಯ ಮೇಲಿನ ಊರು. ಮದುವೆಯಾಗಿ ಬಂದದ್ದು ಕೊಟ್ಟೂರಿನ ಹತ್ತಿರದ ಈ ಒಣ ಊರಿಗೆ. ನನ್ನ ಅಪ್ಪ ಅವ್ವ ನನಗೆ ಇಟ್ಟಿದ್ದ ಹೆಸರೇ ನನ್ನ ಅತ್ತೆಯ ಹೆಸರೂ ಆಗಿತ್ತು. ಹಾಗಾದರೆ ಸೊಸೆಯ ಹೆಸರನ್ನು ಬದಲಿಸಬೇಕು. ಸೊಸೆಯನ್ನು ಬೈಯುವಾಗ ಅತ್ತೆಯನ್ನೇ ಬೈದಂತೆ ಕೇಳಬಾರದಲ್ಲ! ಮದುವೆಯ ಹಂದರದಲ್ಲೇ ಹಿರಿಯರೊಬ್ಬರು ಬೇರೊಂದು ಹೆಸರು ಹೇಳಿದರು. ಹೆಂಗಸರು ಆ ಹೆಸರು ಕರೆದು ನನ್ನ ಉಡಿಗೆ ಅಕ್ಕಿ ಹಾಕಿದರು. ಅದು ನನ್ನದೆಂದು ತಿಳಿಯಲು ಬಹಳ ದಿನ ಬೇಕಾಯಿತು. ಯಾರಾದರೂ ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. "ಹೊಳಿ ದಂಡಿಯಾಕಿ, ಕಿವಿಯಾಗ ನೀರು ಹೊಕ್ಕಾವ ಕಾಣತೈತಿ" ಎಂದು ಅತ್ತೆ ಕುಟುಕುತ್ತಿದ್ದಳು. ರೇಷನ್ ಕಾರ್ಡಿನಲ್ಲಿ, ಆಧಾರಿನಲ್ಲಿ, ನಿಮ್ಮಜ್ಜ ತೀರಿಕೊಂಡ ಮೇಲೆ ಬಂದ ಪಿಂಚಣಿಯಲ್ಲಿ, ಎಲ್ಲ ಕಡೆ ಇರುವುದು ಆ ಹಂದರದ ಹೆಸರೇ. ಹಳೆಯ ಹೆಸರು ತವರಿನಲ್ಲಿ ಉಳಿಯಿತು. ಅಲ್ಲಿಗೆ ಹೋದಾಗ ಅಣ್ಣ "ಏ" ಅನ್ನುತ್ತಿದ್ದ, ಅತ್ತಿಗೆ "ತಂಗಿ" ಅನ್ನುತ್ತಿದ್ದಳು. ಹೆಸರು ಹಿಡಿದು ಬಾಯಿತುಂಬ ಕರೆಯುತ್ತಿದ್ದವಳು ನಮ್ಮವ್ವ ಒಬ್ಬಳೇ. ಅವಳು ಸತ್ತ ಮೇಲೆ ಆ ಹೆಸರೂ ಸತ್ತಿತು ಎಂದು ನಾನು ತಿಳಿದಿದ್ದೆ.

ನೀವಿಬ್ಬರೂ ತೀರಾ ಸಣ್ಣವರಿದ್ದಾಗ ನಮ್ಮ ಮುಂದಿನ ಕೋಣೆಯಲ್ಲಿ ಒಬ್ಬ ಹುಡುಗಿ ಬಾಡಿಗೆಗೆ ಇದ್ದಳು. ಮೈಸೂರು ಕಡೆಯವಳು, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಯಾರು ನೋಡಿಕೊಳ್ಳುತ್ತಾರೆ, ಯಾರು ಉಣಿಸುತ್ತಾರೆ, ಯಾರು ತೊಳೆಯುತ್ತಾರೆ, ಹಾಗೆ ತೊಳೆದವಳೇ ಹಾಸಿಗೆ ಹಿಡಿದರೆ ಯಾರು ಬರುತ್ತಾರೆ, ಇದು ಅವಳು ಹಿಡಿದಿದ್ದ ವಿಷಯ. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಕೆಲವು ಊರುಗಳನ್ನು ಆರಿಸಿಕೊಂಡು ಸ್ಕೂಟಿಯ ಮೇಲೆ ತಿರುಗುತ್ತಿದ್ದಳು.

ಪಕ್ಕದ ಮನೆಯ ಅಜ್ಜಿಗೆ ಇದು ದೊಡ್ಡ ತಮಾಷೆ.

"ಇದರಾಗ ಹುಡುಕಾದು ಏನೈತಿ ಬೇ? ಹೆಂಗಸರು ತೊಳಿತಾರ, ಗಂಡಸರು ಮೂಗು ಮುಚ್ಕೋತಾರ. ಬರಕೊ, ಮುಗೀತು. ಊರಿಗೆ ಹೋಗಿ ಮದುವಿ ಆಗು."

"ಮದುವೆ ಆದ್ರೆ ನಾನೂ ತೊಳೀಬೇಕಲ್ಲ ಅಜ್ಜಿ."

"ಹೌದು ಮತ್ತ! ನಮಗೇನು ತಪ್ಪೇತೇನು?"

ಅದಕ್ಕೆ ಮೊದಲು ಸರ್ವೆ ಎಂದು ಬಂದವರನ್ನೆಲ್ಲ ನಾನು ನೋಡಿದ್ದೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಗಂಡಸರು ಕಟ್ಟೆಯ ಮೇಲೆ ಕೂತು ಉತ್ತರ ಹೇಳುತ್ತಿದ್ದರು. ನಮ್ಮ ಮೈಯಲ್ಲಿ ಏನಾಗಿದೆ ಎಂಬುದನ್ನೂ ಅವರೇ ಹೇಳುತ್ತಿದ್ದರು. ಈ ಹುಡುಗಿ ಹಾಗೆ ಮಾಡಲಿಲ್ಲ. ಗಂಡಸರು ಹೊಲಕ್ಕೆ ಹೋಗುವ ತನಕ ಕಾಯುತ್ತಿದ್ದಳು. ನಮ್ಮ ಜೊತೆ ಬೀಜದ ಶೇಂಗಾ ಸುಲಿಯಲು ಕೂರುತ್ತಿದ್ದಳು. ಫೋನನ್ನು ನಡುವೆ ಇಟ್ಟು, "ಬೇಡ ಅನ್ನಿಸಿದ್ರೆ ಹೇಳಿ, ನಿಲ್ಲಿಸ್ತೀನಿ" ಅನ್ನುತ್ತಿದ್ದಳು. ಮರುದಿನ ಬರೆದುಕೊಂಡದ್ದನ್ನು ಓದಿ ಹೇಳಿ, ಬೇಡವೆಂದದ್ದನ್ನು ಅಲ್ಲೇ ಹೊಡೆದು ಹಾಕುತ್ತಿದ್ದಳು. ಒಂದು ದಿನ ನಾನು ಕೇಳಿದೆ, ಇಷ್ಟು ತ್ರಾಸು ಯಾಕೆ ಎಂದು.

"ಡಾಕ್ಟ್ರ ಪುಸ್ತಕದಲ್ಲಿ ರೋಗ ಇರತ್ತಮ್ಮ. ಅರ್ಥಶಾಸ್ತ್ರದವರು ಕೂಲಿ ಲೆಕ್ಕ ಹಾಕ್ತಾರೆ. ಇತಿಹಾಸದವರಿಗೆ ರಾಜರು ಬೇಕು. ರೋಗಿಯ ಬಟ್ಟೆ ಒಗೆದವಳು ಯಾರ ಪುಸ್ತಕದಲ್ಲೂ ಇಲ್ಲ. ಅವಳನ್ನ ಅವಳ ಮಾತಿಂದಲೇ ತಿಳ್ಕೋಬೇಕು ಅಂತ ನಮ್ಮ ಹಿಂದಿನ ಹೆಣ್ಣುಮಕ್ಕಳು ಎಲ್ಲ ವಿಭಾಗದಲ್ಲೂ ಜಗಳ ಆಡಿ ಈ ದಾರಿ ಮಾಡಿದ್ದಾರೆ. ನಾನು ಅದರಲ್ಲಿ ನಡೀತಿದ್ದೀನಿ, ಅಷ್ಟೆ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಇವತ್ತಿಗೂ ನಾನು ಅವಳನ್ನು ಬೈಯುವುದಿಲ್ಲ.

ಒಂದು ಮಧ್ಯಾಹ್ನ ಅವಳು ನಮಗೆಲ್ಲ ಹೇಳಿದಳು, ಪುಸ್ತಕದಲ್ಲಿ ನಮ್ಮ ನಿಜ ಹೆಸರು ಬರುವುದಿಲ್ಲ, ಬೇರೆ ಹೆಸರು ಹಾಕುತ್ತೇನೆ, ನಿಮಗೆ ಮನೆಯಲ್ಲಿ ತೊಂದರೆ ಆಗಬಾರದು. ಕೆಲವರು ತಮಗೆ ತೋಚಿದ ಹೆಸರು ಹಾಕಿಬಿಡುತ್ತಾರೆ, ನನಗೆ ಅದು ಸರಿಕಾಣುವುದಿಲ್ಲ, ನಿಮ್ಮ ಹೆಸರನ್ನು ನೀವೇ ಆರಿಸಿ.

"ನನಗ ಡೀಸಿ ಅಂತ ಹಾಕು" ಎಂದಳು ಪಕ್ಕದ ಮನೆಯ ಅಜ್ಜಿ.

"ಅದು ಹೆಸರಲ್ಲ ಅಜ್ಜಿ, ಹುದ್ದೆ."

"ಹಂಗಾರ ನಮ್ಮತ್ತಿ ಹೆಸರು ಹಾಕು. ಯಾರಾರ ಓದಿ ಬೈದರ ಆಕಿಗೇ ಹತ್ತಲಿ!"

ಶೇಂಗಾ ಸಿಪ್ಪೆ ಹಾರುವಂತೆ ಎಲ್ಲರೂ ನಕ್ಕೆವು. ನನ್ನ ಸರದಿ ಬಂತು. ಏನೂ ಯೋಚನೆ ಮಾಡಿರಲಿಲ್ಲ. ಬಾಯಿ ತೆರೆದರೆ ತವರಿನ ಹೆಸರು ಹೊರಗೆ ಬಂತು.

"ನೋಡ್ರಿ, ನೋಡ್ರಿ, ಈಕಿನೂ ಅತ್ತಿ ಹೆಸರೇ ಹೇಳಿದ್ಲು! ಸುಮ್ಮನಿದ್ದಾಕಿನ ನಂಬಬಾರದು ನೋಡು" ಎಂದು ಅಜ್ಜಿ ನನ್ನ ತೊಡೆಗೆ ಹೊಡೆದಳು. ಈ ಊರಲ್ಲಿ ಆ ಹೆಸರು ನನ್ನ ಅತ್ತೆಯದು ಮಾತ್ರ. ಮದುವೆಗೆ ಮುಂಚೆ ಅದು ನನ್ನದಾಗಿತ್ತು ಎಂಬುದು ಗೊತ್ತಿದ್ದ ಹಿರಿಯರು ಯಾರೂ ಉಳಿದಿರಲಿಲ್ಲ. ಹುಡುಗಿ ಬರೆದುಕೊಂಡು, "ಚೆನ್ನಾಗಿದೆ, ನಿಮಗೆ ಒಪ್ಪತ್ತೆ" ಎಂದಳು. ಅದು ಯಾರ ಹೆಸರು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಾರೂ ಉಪಯೋಗಿಸದೆ ಮೂಲೆಯಲ್ಲಿಟ್ಟ ಸೀರೆಯಂಥದು, ಉಟ್ಟರೆ ಯಾರಿಗೇನು ಅನ್ನಿಸಿತ್ತು.

ಅಂದಿನಿಂದ ಫೋನು ಹಚ್ಚಿದಾಗಲೆಲ್ಲ ಅವಳು ನನ್ನನ್ನು ಆ ಹೆಸರಿನಿಂದಲೇ ಮಾತಾಡಿಸಿದಳು. ತಪ್ಪಿ ನಿಜ ಹೆಸರು ಬಾಯಿಗೆ ಬರಬಾರದೆಂದು ರೂಢಿ ಮಾಡಿಕೊಳ್ಳುತ್ತಿದ್ದಳು. ಮಕ್ಕಳೇ, ಅವ್ವ ಹೋದ ಮೇಲೆ ಮೊದಲ ಸಲ ಯಾರೋ ನನ್ನನ್ನು ಹಾಗೆ ಕರೆದದ್ದು. ನಾನು ಮಾತಾಡತೊಡಗಿದೆ. ನಿಮ್ಮಜ್ಜನಿಗೂ ಹೇಳಿರದ ಮಾತು ಆ ಹೆಸರು ಕೇಳಿದ್ದಕ್ಕೆ ಹೊರಗೆ ಬಂತು.

ನಾನು ಹೇಳಿದ್ದು ನಮ್ಮವ್ವನ ಸಾವು.

ಆಗ ನನ್ನ ಅತ್ತೆ ಇಲ್ಲಿ ಹಾಸಿಗೆ ಹಿಡಿದಿದ್ದಳು. ನಿಮ್ಮಜ್ಜ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದ. ಅತ್ತೆಯನ್ನು ಎತ್ತಿ ಕೂರಿಸುವುದು, ತೊಳೆಯುವುದು, ನುಣ್ಣಗೆ ನುರಿದು ಉಣಿಸುವುದು ಎಲ್ಲ ನನ್ನದು. ಅದೇ ಹೊತ್ತಿಗೆ ತವರಿನಲ್ಲಿ ನಮ್ಮವ್ವನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಪಂಚಮಿಗೆಂದು, ನಾದಿನಿಯನ್ನು ಅತ್ತೆಯ ಹತ್ತಿರ ಕೂರಿಸಿ, ಹೇಗೋ ಹೋಗಿ ಬಂದೆ.

ಅವ್ವನನ್ನು ಹಿತ್ತಲ ಕೋಣೆಯಲ್ಲಿ, ಹೊಟ್ಟಿನ ಚೀಲಗಳ ಪಕ್ಕ ಮಲಗಿಸಿದ್ದರು. ತುಟಿ ಒಡೆದು ರಕ್ತ ಒಣಗಿತ್ತು. ನನ್ನನ್ನು ನೋಡಿ ಹೆಸರು ಕರೆಯಲು ಹೋದಳು, ಅರ್ಧ ಬಂತು. ಆಮೇಲೆ "ನೀರು" ಅಂದಳು. ಅದು ಪೂರ್ತಿ ಬಂತು. ನಾನು ತಂಬಿಗೆ ತಂದು ಎತ್ತಿ ಕುಡಿಸಿದೆ. ಬಿಡದೆ ಕುಡಿದಳು. ಅತ್ತಿಗೆ ಬಾಗಿಲಲ್ಲಿ ಬಂದು ನಿಂತಳು.

"ಸಾಕು ತಗಿ ತಂಗಿ. ಕುಡಿದಷ್ಟೂ ಹೊಯ್ಕೋತಾಳ. ನೀನು ನಾಳಿ ಬಸ್ ಹತ್ತಿ ಹೋಗ್ತಿ, ತೊಳಿಯಾಕಿ ನಾನು."

ಆಗ ತಿಳಿಯಿತು. ಹಾಸಿಗೆ ಒದ್ದೆಯಾಗುವುದು ಕಡಿಮೆಯಾಗಲಿ ಎಂದು ನೀರು ಕಡಿಮೆ ಮಾಡಿದ್ದರು. ಆ ಕೋಣೆಯ ಕಿಟಕಿಯಿಂದ ನೋಡಿದರೆ ಹೊಳೆ ಕಾಣುತ್ತದೆ. ಆ ವರ್ಷ ದಂಡೆ ತುಂಬಿ ಹರಿಯುತ್ತಿತ್ತು.

ನನ್ನ ಜೊತೆ ಕಳಿಸಿ ಎಂದು ಅಣ್ಣನನ್ನು ಕೇಳಿದೆ. "ಮಗ ಬದುಕಿರಾಗ ಹಡೆದವ್ವನ ಮಗಳ ಮನಿಯಾಗ ಸಾಯಾಕ ಕಳಿಸ್ಯಾನ ಅಂತ ಊರು ನನ್ನ ಮುಖಕ್ಕ ಉಗುಳಬೇಕೇನು?" ಎಂದ. ಮರುದಿನ ನಾನು ಹೊರಟು ಬಂದೆ. ಇಲ್ಲಿ ಅತ್ತೆ ಕಾಯುತ್ತಿದ್ದಳು. ನನ್ನ ಹೆಸರಿನ ಆ ಮುದುಕಿಗೆ ಅವಳು ಕೇಳಿದಾಗಲೆಲ್ಲ ನೀರು ಕೊಟ್ಟೆ. ಅವ್ವ ಆ ತಿಂಗಳೇ ಹೋದಳು.

ಹುಡುಗಿ ಫೋನು ನಿಲ್ಲಿಸಿದಳು. ಬಹಳ ಹೊತ್ತು ಇಬ್ಬರೂ ಶೇಂಗಾ ಸುಲಿದೆವು. ಮರುದಿನ ಬರೆದದ್ದನ್ನು ಓದಿ, "ಇದು ಇರಲಾ ಅಮ್ಮ?" ಎಂದಳು. ಇರಲಿ ಎಂದೆ. ಅದು ನಡೆದದ್ದೇ. ಅವ್ವನ ಬಾಯಾರಿಕೆ ಎಲ್ಲಾದರೂ ಒಂದು ಕಡೆ ಬರೆದಿರಲಿ ಅನ್ನಿಸಿತ್ತು.

ಮರುವರ್ಷ ಅವಳು ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ತಂದಳು. ಹೇಳಿದವರಿಂದ ಮಾತು ಒಯ್ದು ದೊಡ್ಡವರಿಗಷ್ಟೇ ಓದಿಸುವುದು ಕಳ್ಳತನ, ಮೊದಲು ಅದು ಹೇಳಿದವರಿಗೆ ತಿರುಗಿ ಬರಬೇಕು ಎಂಬುದು ಅವಳ ನಿಯಮ. ತಾನು ತಿರುಗಿದ ಊರುಗಳಲ್ಲೆಲ್ಲ ಹೆಂಗಸರನ್ನು ಕೂರಿಸಿ ಓದಿದಳು. ನಮ್ಮೂರಲ್ಲಿ ಓದಿದಾಗ ನಾನು ಕಂಬದ ಹಿಂದೆ ಕೂತಿದ್ದೆ. ನನ್ನ ಭಾಗ ಬಂದಾಗ ಕೆಲವರು ಕಣ್ಣೊರೆಸಿಕೊಂಡರು. ಯಾವ ಊರಿನವಳೋ ಪಾಪ ಎಂದರು. ಹೆಸರು ಆರಿಸುವಾಗ ನನ್ನ ಜೊತೆ ಶೇಂಗಾ ಸುಲಿದವರು ಗುಟ್ಟು ಬಿಡಲಿಲ್ಲ, ಉಳಿದವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸುಳ್ಳು ಹೆಸರು ಇಲ್ಲಿ ತನ್ನ ಕೆಲಸ ಸರಿಯಾಗಿ ಮಾಡಿತು.

ಆಮೇಲೆ ಅವಳು ಹೊಳೆಯ ಕಡೆಯ ಊರುಗಳಿಗೆ ಹೋದಳು. ಅದರಲ್ಲಿ ನನ್ನ ತವರೂ ಒಂದು ಎಂದು ಅವಳಿಗೆ ಗೊತ್ತಿರಲಿಲ್ಲ. ಹೊಳೆ ದಂಡೆಯ ಊರು ಎಂದಷ್ಟೇ ನಾನು ಹೇಳಿದ್ದೆ, ದಂಡೆಯ ಮೇಲೆ ಊರುಗಳು ಬೇಕಾದಷ್ಟಿವೆ. ಅಲ್ಲಿ ಸಂಘದ ಹೆಂಗಸರ ನಡುವೆ ಕೂತು ಅವಳು ಆ ಹೆಸರು ಓದಿದಳು, ಲಕ್ವ ಓದಿದಳು, ಹೊಟ್ಟಿನ ಚೀಲ, ಹೊಳೆ ಕಾಣುವ ಕಿಟಕಿ, ಬಾಗಿಲಲ್ಲಿ ನಿಂತ ಅತ್ತಿಗೆಯ ಮಾತು, ಎಲ್ಲ ಓದಿದಳು. ಆ ಊರಿನವರಿಗೆ ನನ್ನ ಹಂದರದ ಹೆಸರು ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಪುಸ್ತಕದಲ್ಲಿದ್ದ ಆ ಹೆಸರೊಂದೇ. ಅತ್ತಿಗೆಯೂ ಅಲ್ಲೇ ಕೂತಿದ್ದಳು. ಸಂಘದವರು ಬಾ ಎಂದು ಕರೆದಿದ್ದರಂತೆ.

ಸಂಜೆ ಅಣ್ಣನ ಫೋನು ಬಂತು.

"ಇನ್ನ ಮ್ಯಾಲ ನಿನಗ ತವರುಮನಿ ಇಲ್ಲ ತಿಳಕೊ."

"ಅಣ್ಣ, ನಾನು ಸುಳ್ಳು ಹೇಳಿಲ್ಲ."

"ಸುಳ್ಳಂತ ನಾನೆಲ್ಲಿ ಅಂದೆ? ನನ್ನನ್ಯಾಕ ಎಳದಿ ಅದರಾಗ? ನೀರು ಕೊಡಾದು ಹೆಂಗಸರ ಕೆಲಸ. ನಾನು ಹೊಲದಾಗಿದ್ದೆ, ನನಗೇನು ಗೊತ್ತು? ಎಲ್ಲಾ ಈಕಿದು. ಈಕೀನೂ ಇನ್ನ ಹಿತ್ತಲದಾಗ ಬಿದ್ದಿರಲಿ."

ಹಾಗೇ ಮಾಡಿದ. ಅತ್ತಿಗೆಯನ್ನು ಹಿತ್ತಲ ಕೋಣೆಗೆ ಹಾಕಿದ, ಅವ್ವ ಸತ್ತ ಕೋಣೆಗೇ. ಒಲೆ ಬೇರೆ ಮಾಡಿಸಿದ. ಸೊಸೆಯಂದಿರು ಮಾತು ಬಿಟ್ಟರು. ಊರು ಅವಳಿಗೆ ಹೊಸ ಹೆಸರು ಇಟ್ಟಿತು, 'ನೀರು ಕೊಡದಾಕಿ'. ನಳದ ಹತ್ತಿರ ಅವಳ ಕೊಡವನ್ನು ಹಿಂದಕ್ಕೆ ಸರಿಸುತ್ತಿದ್ದರು. ಹೊಲದಲ್ಲಿ ಕೂಲಿಯವರು ಅವಳು ತಂದ ನೀರು ಮುಟ್ಟುತ್ತಿರಲಿಲ್ಲ. ಅಣ್ಣ ಮಾತ್ರ ಎಂದಿನಂತೆ ಕಟ್ಟೆಯ ಮೇಲೆ ಕೂರುತ್ತಿದ್ದ, ಎಂದಿನಂತೆ ಜನ ಅವನನ್ನು ಚಹಾಕ್ಕೆ ಕರೆಯುತ್ತಿದ್ದರು. ಇದೆಲ್ಲ ಆ ಊರಿನಿಂದ ಇಲ್ಲಿಗೆ ಸೊಸೆಯಾಗಿ ಬಂದ ಒಬ್ಬಳ ಬಾಯಿಂದ ನನಗೆ ತಿಳಿಯಿತು.

ಹುಡುಗಿಗೆ ಫೋನು ಮಾಡಿ, ಆ ಹೆಸರು ಯಾರದೆಂದು ಆಗ ಹೇಳಿದೆ. ಎರಡೇ ದಿನದಲ್ಲಿ ಬಂದಳು. ಉಳಿದ ಪುಸ್ತಕಗಳನ್ನು ಹಿಂದಕ್ಕೆ ತರಿಸಿದ್ದೇನೆ, ಹೆಸರು ತೆಗೆಯುತ್ತೇನೆ ಎಂದಳು. ಕೇಳಿದವರ ಕಿವಿಯಿಂದ ತೆಗೆಯುವುದು ಹೇಗೆ ಎಂದು ನಾನು ಕೇಳಲಿಲ್ಲ, ಅದು ಅವಳಿಗೂ ಗೊತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಕೂತು ತಟ್ಟೆಯ ರೊಟ್ಟಿ ಮುರಿಯದೆ ಒಂದು ಮಾತು ಅಂದಳು.

"ತೊಳೆದವಳನ್ನ ಕೇಳ್ಬೇಕು ಅಂತಾನೇ ನಾನು ಬಂದಿದ್ದು. ಆ ಮನೇಲಿ ತೊಳೆದವರು ನಿಮ್ಮ ಅತ್ತಿಗೆ. ಅವರನ್ನ ನಾನು ಕೇಳ್ಲೇ ಇಲ್ಲವಲ್ಲಮ್ಮ."

ಮರುದಿನ ಅವಳು ಅತ್ತಿಗೆಯ ಹತ್ತಿರ ಹೋದಳು. ಅತ್ತಿಗೆ ಬಾಗಿಲು ಅರ್ಧ ತೆರೆದು, "ಇನ್ನೊಂದು ಹೆಸರಿಡಾಕ ಬಂದಿಯೇನು?" ಎಂದು ಕೇಳಿ ಮುಚ್ಚಿಕೊಂಡಳಂತೆ. ಹುಡುಗಿ ಆ ಬಾಗಿಲು ಮತ್ತೆ ತಟ್ಟಲಿಲ್ಲ. ಅದೂ ಅವಳ ನಿಯಮ.

ನಾನು ಹೋಗಲು ವರ್ಷಗಟ್ಟಲೆ ತಡಮಾಡಿದೆ. ಅಣ್ಣನ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಅತ್ತಿಗೆಯ ಮೇಲೆ ನನ್ನ ಸಿಟ್ಟು ಆರಿರಲಿಲ್ಲ. ಅವ್ವನ ತುಟಿ ಕಣ್ಣ ಮುಂದೆ ಬರುತ್ತಿತ್ತು. ಆದರೆ ಅದರ ಹಿಂದೆಯೇ ಹೊಟ್ಟಿನ ಚೀಲದ ಪಕ್ಕ ಅತ್ತಿಗೆಯೂ ಬಂದು ಕೂರತೊಡಗಿದಳು. ಕೊನೆಗೆ ಈ ಬೇಸಿಗೆಯಲ್ಲಿ ನಿಮ್ಮಪ್ಪನಿಗೆ ಹರಪನಹಳ್ಳಿ ಆಸ್ಪತ್ರೆಗೆ ಎಂದು ಹೇಳಿ ಬಸ್ಸು ಹತ್ತಿದೆ. ಹರಪನಹಳ್ಳಿಯಲ್ಲಿ ಇಳಿದು ಹೊಳೆಯ ಕಡೆಯ ಬಸ್ಸು ಹಿಡಿದೆ.

ಅಣ್ಣ ಕಟ್ಟೆಯ ಮೇಲಿದ್ದ. ನನ್ನನ್ನು ನೋಡಿ ಎದ್ದು ಒಳಗೆ ಹೋದ. ನಾನು ಸುತ್ತಿ ಹಿತ್ತಲಿಗೆ ಹೋದೆ. ಅದರ ಬೇಲಿಗೆ ಹತ್ತಿಯೇ ಬೀದಿಯ ನಳ. ನಾಲ್ಕಾರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅದರಲ್ಲೊಬ್ಬಳು ನನ್ನ ಹೆಸರು ಹಿಡಿದು ಕೂಗಿದಳು, ತವರಿನ ಹೆಸರು.

"ಬಂದಿಯೇನ ಬೇ? ನಿಮ್ಮ ಅತ್ತಿಗಿ ಮನಿಗೆ ಬರಾಕಿ, ನೀರಿನ ಬಾಟ್ಲಿ ತಂದಿಯೋ ಇಲ್ಲೋ?"

ಉಳಿದವರು ನಕ್ಕರು. ಅತ್ತಿಗೆ ಬಾಗಿಲಲ್ಲಿ ನಿಂತು ಅದನ್ನು ಕೇಳಿದಳು. ಬಹಳ ಇಳಿದುಹೋಗಿದ್ದಳು. ಮಾತಾಡದೆ ಒಳಗೆ ಹೋಗಿ ತಂಬಿಗೆ ತುಂಬ ನೀರು ತಂದಳು. ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಅದನ್ನು ನನ್ನ ಕೈಗೆ ಕೊಡಲಿಲ್ಲ. ಹೊಸ್ತಿಲ ಮೇಲೆ ಇಟ್ಟಳು.

"ಬೇಕಾದ್ರ ಕುಡಿ. ಕೊಡಲಿಲ್ಲ ಅಂತ ಇದನ್ನೂ ಬರಸಬ್ಯಾಡ."

ಅವ್ವನಿಗೆ ನಾನು ಕುಡಿಸಿದ್ದು ಅದೇ ತಂಬಿಗೆಯೋ ಬೇರೆಯದೋ ಗೊತ್ತಿಲ್ಲ. ನಾನು ತೆಗೆದುಕೊಂಡೆ. ನಳದ ಕಡೆ ತಿರುಗಿ ನಿಂತು, ಎಲ್ಲರೂ ನೋಡುವ ಹಾಗೆ, ತಳ ಕಾಣುವ ತನಕ ಕುಡಿದೆ. ಅಷ್ಟು ಜನರ ಮುಂದೆ ನಾನು ಜೀವನದಲ್ಲಿ ಏನನ್ನೂ ಮಾಡಿರಲಿಲ್ಲ. ಅರ್ಧ ನೀರು ಸೀರೆಯ ಮೇಲೆ ಬಿತ್ತು. ನಗು ನಿಂತಿತು. ಅತ್ತಿಗೆ ಸರಿದು ದಾರಿ ಬಿಟ್ಟಳು, ಒಳಗೆ ಹೋದೆ.

ಕಿಟಕಿ ಹಾಗೇ ಇತ್ತು. ಈ ಸಲ ಹೊಳೆಯಲ್ಲಿ ಬರೀ ಮರಳು.

"ನಾನು ಕೊಡಲಿಲ್ಲ, ಖರೆ" ಎಂದಳು ಅತ್ತಿಗೆ. "ಮೊದಲು ಅಂದಾತ ನಿಮ್ಮಣ್ಣ. ವಾಸನಿ ಬರ್ತೈತಿ, ಬೀಗರು ಬರ್ತಾರ, ನೀರು ಕಮ್ಮಿ ಕೊಡು ಅಂದ. ನಾನು ಹೂಂ ಅಂದೆ. ಯಾಕಂದಿ ಅಂತ ಕೇಳು."

ನಾನು ಬಾಯಿ ತೆರೆಯುವ ಮೊದಲು ಅವಳೇ ಹೇಳಿದಳು.

"ನನಗ ನಿದ್ದಿ ಬೇಕಾಗಿತ್ತು ತಂಗಿ. ಹಗಲು ಹೊಲ, ಕೊಟ್ಟಿಗಿ, ಮಕ್ಕಳು. ರಾತ್ರಿ ನಾಲ್ಕು ಸಲ ಏಳಬೇಕು. ಒಂದು ಸಲ ಎದ್ದರ ಸಾಕಲ್ಲ ಅನ್ನಿಸ್ತು. ಆಕಿ ನೀರು ಅಂದಾಗ ಕೇಳಿಸಲಾರದಂಗ ಮಲಗಿದೆ. ಈಗ ಈ ಕ್ವಾಣ್ಯಾಗ ಮಲಗಿದ್ರ ದಿನಾ ಕೇಳಿಸತೈತಿ."

"ಆ ಹುಡುಗಿಗೆ ಇದನ್ನ ಹೇಳಬೇಕಿತ್ತು ಅತ್ತಿಗಿ."

"ಹೇಳಿದ್ರ ಏನ್ ಬರಿತಿದ್ಲು? ನಿದ್ದಿಗೆ ಅತ್ತೀನ ಕೊಂದಾಕಿ ಅಂತ ಇನ್ನೊಂದು ಹೆಸರು. ನಿನಗ ಬರಿಯಾಕ ಬರತೈತಲ್ಲ, ನೀನು ಬರಿ. ಖರೆ ಅಷ್ಟೂ ಬರಿ, ನನ್ನ ಪರ ಏನೂ ಸೇರಿಸಬ್ಯಾಡ. ಆದರ ನಾ ಇರಾತನಕ ಯಾರ ಕೈಯಾಗೂ ಕೊಡಬ್ಯಾಡ." ಖಾಲಿ ತಂಬಿಗೆಯನ್ನು ಎತ್ತಿಕೊಂಡು ಕೇಳಿದಳು: "ನಾ ಬಿದ್ದಾಗ ನನಗ್ಯಾರು ಕೊಡ್ತಾರ ತಂಗಿ?"

ಸೊಸೆಯಂದಿರ ಒಲೆಯ ಹೊಗೆ ಗೋಡೆಯ ಆಚೆಯಿಂದ ಬರುತ್ತಿತ್ತು. ನನ್ನ ಜೊತೆ ಬಾ ಎಂದೆ. ಗಂಡ ಇರುವಾಗ ನಾದಿನಿಯ ಮನೆಯಲ್ಲಿ ಸಾಯುವುದೆಲ್ಲಿ ಉಂಟು ಎಂದಳು, ಅಣ್ಣ ಅಂದ ಹಾಗೆಯೇ. ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ. ಆ ಕೋಣೆಯಿಂದ ಹಾಗೆ ಎದ್ದು ಬಂದದ್ದು ಅದು ಎರಡನೆಯ ಸಲ.

ಮುಂದೆ ಏನೂ ಸರಿಯಾಗಿಲ್ಲ. ಅಣ್ಣ ಮಾತಾಡುವುದಿಲ್ಲ. ಅತ್ತಿಗೆ ಆ ಕೋಣೆಯಲ್ಲೇ ಇದ್ದಾಳೆ. ನಳದಲ್ಲಿ ಈಗ ಅವಳ ಕೊಡ ಸರಿಸುವುದಿಲ್ಲವಂತೆ, ಆದರೆ ಅವಳ ಜೊತೆ ಮಾತೂ ಇಲ್ಲವಂತೆ. ತಿಂಗಳಿಗೊಮ್ಮೆಯಾದರೂ ಹೋಗಬೇಕೆಂದು ಹೊರಡುತ್ತೇನೆ, ಮೊಣಕಾಲು ಬಿಡುವುದಿಲ್ಲ. ಹುಡುಗಿ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಅತ್ತಿಗೆಯನ್ನೇ. ನಾನು ಚೆನ್ನಾಗಿದ್ದಾಳೆ ಅನ್ನುವುದಿಲ್ಲ, ಇದ್ದಾಳೆ ಅನ್ನುತ್ತೇನೆ.

ಚಿನ್ನವ್ವ, ನೀನು ಕಾಲೇಜಿನಲ್ಲಿ ಇಂಥದ್ದೇ ಏನನ್ನೋ ಓದಬೇಕು ಅನ್ನುತ್ತಿದ್ದೀ. ಓದು. ಹೆಂಗಸರ ಮಾತು ಕೇಳು. ಆದರೆ ಒಬ್ಬಳ ಮಾತಿನಲ್ಲಿ ಇನ್ನೊಬ್ಬಳು ಬಾಗಿಲಲ್ಲಿ ನಿಂತಿದ್ದರೆ, ಅವಳ ಹತ್ತಿರವೂ ಹೋಗು. ಗುಂಡಣ್ಣ, ನಿನಗೆ ಇಷ್ಟೇ. ನಾನು ಬಿದ್ದಾಗ ನೀರು ಕೊಡುವುದು ಹೆಂಗಸರ ಕೆಲಸ ಎಂದು ಹೇಳಬೇಡ. ತಂಬಿಗೆ ಎಲ್ಲಿದೆ ಎಂದು ಈಗಲೇ ನೋಡಿಕೊಂಡಿರು.

ಈ ಹಾಳೆಗಳನ್ನು ಬೀಜದ ಶೇಂಗಾ ಇಡುವ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿಟ್ಟಿದ್ದೇನೆ. ಅದರೊಳಗೆ ಇಲಿ ಹೋಗುವುದಿಲ್ಲ, ತೇವವೂ ಹಿಡಿಯುವುದಿಲ್ಲ. ನಿಮ್ಮಪ್ಪನಿಗೂ ತೋರಿಸಬೇಡಿ, ಅವನು ಸೋದರಮಾವನ ಪರ. ಅತ್ತಿಗೆ ಇರುವ ತನಕ ಇದು ನಿಮ್ಮಿಬ್ಬರ ಕೈ ದಾಟಬಾರದು. ಅವಳು ಹೋದ ಮೇಲೆ ಬೇಕಾದರೆ ಆ ಹುಡುಗಿಗೆ ಕೊಡಿ, ಹೆಸರು ಮಾತ್ರ ಸೇರಿಸಬೇಡಿ. ಅಲ್ಲಿಯ ತನಕ ಜೋಪಾನ ಮಾಡಿ, ಮಕ್ಕಳೇ. ಅವಳ ಮಾತು ಇರುವುದು ಇದೊಂದೇ ಕಡೆ.